ಬಾರ ಬೀಳದ ದಾಳ

ಮಧುಗಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಬೇಸಿಗೆ ರಜಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿದ್ದರು. ಬೀಜ ಎಸೆದು ಹಾಸಿನ ಮನೆಗಳಲ್ಲಿ ಕಾಯಿ ನಡೆಸುವ ಚೌಕಾಬಾರ ಆಡೋಣವೆಂದರೆ, ಅದಕ್ಕೆಂದು ಒಂದು ಮಗ್ಗುಲು ಉಜ್ಜಿಟ್ಟಿದ್ದ ಹುಣಸೆ ಬೀಜ ಸಿಗಲಿಲ್ಲ. ಮಗ ಫೋನಿನಲ್ಲಿ ಆನ್‌ಲೈನ್ ದಾಳ ತೆಗೆದುಕೊಟ್ಟ. ಆರು ಬಿದ್ದರೆ ಮಾತ್ರ ಕಾಯಿ ಇಳಿಸಬೇಕು, ಆರು ಬಿದ್ದವರಿಗೆ ಇನ್ನೊಂದು ಆಟ ಎಂದು ನಿಯಮ ಮಾಡಿಕೊಂಡರು. 81 ವರ್ಷದ ತಾಯಿಗೆ 19 ಸಲ ಒತ್ತಿದರೂ ಆರು ಬೀಳಲಿಲ್ಲ. ಹತ್ತನೇ ತರಗತಿಯ ಮೊಮ್ಮಗನಿಗೆ ಸಾಲಾಗಿ ಮೂರು ಆರು! "ಈ ಯಂತ್ರಕ್ಕೂ ಮುದುಕಿ ಅಂದ್ರೆ ಸದರ" ಎಂದು ತಾಯಿ ಎದ್ದು ಒಳಗೆ ಹೋದರು. ಫೋನಿನ ದಾಳವನ್ನು ನಂಬಬಹುದೆ, ಅದರಿಂದ ಹುಡುಗನಿಗೆ ಸಂಭವನೀಯತೆಯ ಪಾಠ ಹೇಳಿಕೊಡಬಹುದೆ, ಇಲ್ಲಾ ಜೂಜಿನ ಚಟ ಹತ್ತುತ್ತದೆಯೆ ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ತಾಯಿಯವರ ಸಿಟ್ಟು ನ್ಯಾಯವಾದದ್ದೇ, ಆದರೆ ತಪ್ಪು ಆಸಾಮಿಯ ಮೇಲೆ ಬಿದ್ದಿದೆ. ಮೋಸ ಮಾಡಿದ್ದು ಯಂತ್ರವಲ್ಲ, ನೀವು ಮಾಡಿಕೊಂಡ ನಿಯಮ. ಚೌಕಾಬಾರದಲ್ಲಿ ಆರು ಎಂಬ ಗರವೇ (ಎಸೆದಾಗ ಬೀಳುವ ಎಣಿಕೆಯೇ) ಇಲ್ಲವಲ್ಲ ಸ್ವಾಮಿ! ಇಲ್ಲದ ಗರಕ್ಕಾಗಿ ಆ ವಯಸ್ಸಿನವರನ್ನು 19 ಸಲ ಕಾಯಿಸಿದ್ದೀರಿ.

ಮೊದಲು ಲೆಕ್ಕ ಮುಗಿಸೋಣ. ಒಂದು ಸಲಕ್ಕೆ ಆರು ಬೀಳದಿರುವ ಸಾಧ್ಯತೆ 6ರಲ್ಲಿ 5. ಸಾಲಾಗಿ 19 ಸಲ ಬೀಳದಿರುವುದು ನೂರಕ್ಕೆ ಮೂರು ಸಲ ನಡೆಯಬಹುದಾದ ಸಂಗತಿ. ಅಪರೂಪವೇ. ಆದರೆ ಹಾಸಿನ ಸುತ್ತ ಕೂತವರು ನಾಲ್ವರು. ನಾಲ್ವರಲ್ಲಿ ಯಾರಾದರೂ ಒಬ್ಬರಿಗೆ ಈ ಗತಿ ಬರುವುದು ಸುಮಾರು ಎಂಟು ಆಟಕ್ಕೆ ಒಂದು ಸಲ. ಯಾರಿಗೆ ಬಂತೋ ಅವರಿಗೆ ಮಾತ್ರ ಅದು ಪಿತೂರಿಯಂತೆ ಕಾಣುತ್ತದೆ, ಉಳಿದ ಮೂವರಿಗೆ ತಮಾಷೆ. ಮೊಮ್ಮಗನ ಮೂರು ಆರೂ ಹಾಗೆಯೇ. ಇಂಥ ಮೂರೇ ಮೂರು ಗರ ಎಂದು ಹಿಡಿದರೆ 216ಕ್ಕೆ ಒಂದು. ಒಂದು ಸಂಜೆಗೆ 150 ಗರ ಉರುಳಿದವು ಎಂದು ಹಿಡಿದರೆ, ಎಲ್ಲಾದರೂ ಒಂದು ಕಡೆ ಮೂರು ಆರು ಸಾಲಾಗಿ ಬೀಳುವ ಸಾಧ್ಯತೆ ಅರ್ಧಕ್ಕೆ ಸ್ವಲ್ಪವೇ ಕಡಿಮೆ.

ಇನ್ನು ಯಂತ್ರದ ಮಾತು. ಫೋನಿನೊಳಗೆ ಉರುಳಲು ಏನೂ ಇಲ್ಲ, ಆ ಕುಣಿಯುವ ದಾಳ ಬರೀ ಚಿತ್ರ. ಬೆರಳು ಒತ್ತಿದ ಕೂಡಲೇ ಒಂದು ಸೂತ್ರ ಒಂದು ಸಂಖ್ಯೆಯನ್ನು ಹೆರುತ್ತದೆ. ಅದನ್ನು ಆರು ಪಾಲು ಮಾಡಿ ಯಾವ ಪಾಲಿಗೆ ಬಂತೋ ಆ ಮುಖವನ್ನು ತೋರಿಸುತ್ತಾರೆ. ಆ ಸೂತ್ರಕ್ಕೆ ಶುರುವಿನಲ್ಲಿ ಒಂದು ಸಂಖ್ಯೆ ಕೊಡಬೇಕು. ಕಂಪ್ಯೂಟರಿನವರು ಅದನ್ನು ಕರೆಯುವುದು ಸೀಡ್ ಎಂದು, ಅಂದರೆ ಬೀಜ! ಹುಣಸೆಯದ್ದು ಕಳೆದುಹೋಯಿತೆಂದು ನೀವು ಫೋನಿಗೆ ಹೋದರೆ ಅಲ್ಲೂ ಬೀಜವೇ ಕೂತಿದೆ. ಅದೇ ಬೀಜ ಕೊಟ್ಟರೆ ಅದೇ ಗರಗಳು ಅದೇ ಸಾಲಿನಲ್ಲಿ ಬರುತ್ತವೆ. ಹಾಗಾಗಿ ಪ್ರತಿ ಸಲ ಬೇರೆ ಬೀಜ ಬಿತ್ತುವ ವ್ಯವಸ್ಥೆ ಇರುತ್ತದೆ. ಸೂತ್ರವೇ ಬೇಡ ಎನ್ನುವವರೂ ಇದ್ದಾರೆ. ರ‍್ಯಾಂಡಮ್ ಡಾಟ್ ಆರ್ಗ್ ಎಂಬ ತಾಣ 1998ರಿಂದಲೂ ವಾತಾವರಣದ ರೇಡಿಯೊ ಗದ್ದಲವನ್ನು ಹಿಡಿದು ಸಂಖ್ಯೆ ಮಾಡುತ್ತಿದೆ. ಮನೆಯ ಆಟಕ್ಕೆ ಎರಡೂ ಸಾಕು. ಒತ್ತಿದ ಬೆರಳು ಅಜ್ಜಿಯದೋ ಮೊಮ್ಮಗನದೋ ಸೂತ್ರಕ್ಕೆ ಗೊತ್ತಿಲ್ಲ. ಹಿಂದೆ 18 ಸಲ ಆರು ಬಿದ್ದಿಲ್ಲ, ಈಗಲಾದರೂ ಕೊಟ್ಟುಬಿಡೋಣ ಎಂಬ ದಾಕ್ಷಿಣ್ಯವೂ ಇಲ್ಲ.

ಹಾಗಾದರೆ ಕೈಯಲ್ಲಿ ಹಿಡಿಯುವ ದಾಳ ಸತ್ಯ ಹರಿಶ್ಚಂದ್ರನೇ? ಅದೂ ಅಲ್ಲ. ಇಂಗ್ಲೆಂಡಿನ ಜೀವವಿಜ್ಞಾನಿ ವೆಲ್ಡನ್ 1894ರಲ್ಲಿ ಹನ್ನೆರಡು ದಾಳಗಳನ್ನು ಒಟ್ಟಿಗೆ 26,306 ಸಲ ಎಸೆದ ಲೆಕ್ಕವನ್ನು ಮುಂದಿಟ್ಟ. ಐದು ಅಥವಾ ಆರು ಬೀಳಬೇಕಾದದ್ದು ನೂರಕ್ಕೆ 33.33, ಬಿದ್ದದ್ದು 33.77. ಚುಕ್ಕಿಗಾಗಿ ಕೆತ್ತಿದ ಗುಳಿಗಳಿಂದ ಆರರ ಮುಖ ಒಂದಿಷ್ಟು ಹಗುರವಾಗುತ್ತದೆ, ಹಗುರವಾದದ್ದು ಮೇಲೆ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಅದೃಷ್ಟದ್ದೋ ದಾಳದ್ದೋ ಎಂದು ತೀರ್ಮಾನಿಸಲು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಒಂದು ಪರೀಕ್ಷೆ ಹೊಸೆದು, ಇದೇ ಅಂಕಿಗಳನ್ನು ಅದಕ್ಕೆ ಒಡ್ಡಿದ. ದಾಳದ್ದೇ ಎಂದಾಯಿತು. ಶಕುನಿಯ ಹೆಸರೆತ್ತದೆಯೂ ದಾಳದ ಮೇಲೆ ದೂರು ಕೊಡಬಹುದು ಎನ್ನಲು ಈ ಮಾತು ಹೇಳಿದೆ. ಸಮ ಹಂಚಿಕೆಯೊಂದೇ ನೋಡುವುದಾದರೆ, ಅಂಗಡಿಯ ಅಗ್ಗದ ಪ್ಲಾಸ್ಟಿಕ್ ದಾಳಕ್ಕಿಂತ ನಿಮ್ಮ ಮಗನ ಫೋನೇ ವಾಸಿ.

ಆದರೆ ಚೌಕಾಬಾರಕ್ಕೆ ಬೇಕಾದದ್ದು ಸಮ ಹಂಚಿಕೆಯಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಕೊರಟಗೆರೆಯ ನಮ್ಮ ಮನೆಯ ಜಗುಲಿಯಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಬಳಪದಿಂದ ಐದೈದು ಮನೆಯ ಹಾಸು ಬರೆದು, ಲಾಟೀನು ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದೆವು. ಸೋದರತ್ತೆ ಆಟಕ್ಕೆ ಕೂತರೆ ಗೆಲ್ಲುವ ಆಸೆ ಬಿಡಬೇಕು. ಅವರು ಓದಿದ್ದು ಎರಡನೇ ಕ್ಲಾಸು. ನಾನು ಕಾಯಿ ನಡೆಸಲು ಕೈ ಚಾಚಿದರೆ, "ಅಲ್ಲಿ ಇಡಬ್ಯಾಡ ಕಣೋ, ನನ್ ಕಾಯಿಗೆ ಎರಡು ಮನೆ ಮುಂದೆ ಕೂತ್ರೆ ಕಡ್ದಾಕ್ತೀನಿ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಹೇಳಿಯೂ ಕಡಿಯುತ್ತಿದ್ದರು, ಅಂದರೆ ನನ್ನ ಕಾಯಿ ಕೂತ ಮನೆಗೇ ಬಂದು ಅದನ್ನು ಮೊದಲಿನ ಮನೆಗೆ ಅಟ್ಟುತ್ತಿದ್ದರು. ಯಾರೂ ಕಡಿಯಲಾಗದ ಕಟ್ಟೆಯ ಮನೆ ಸಿಗದಿದ್ದರೆ ಅವರು ಕೂರುತ್ತಿದ್ದದ್ದು ಎದುರಾಳಿಗಿಂತ ಐದೋ ಆರೋ ಮನೆ ಆಚೆ. ಯಾಕೆಂದು ನನಗೆ ಹೊಳೆದದ್ದು ಪಿಯುಸಿ ದಾಟಿದ ಮೇಲೆ.

ನಾಲ್ಕು ಬೀಜ, ಒಂದೊಂದಕ್ಕೂ ಕಪ್ಪು ಬಿಳಿ ಎರಡು ಮಗ್ಗುಲು. ಒಟ್ಟು 16 ಬಗೆಯಲ್ಲಿ ಬೀಳಬಹುದು. ಒಂದೇ ಬಿಳಿ ಮೇಲಾಗುವುದು 4 ಬಗೆ, ಎರಡು ಬಿಳಿ 6 ಬಗೆ, ಮೂರು ಬಿಳಿ 4 ಬಗೆ. ನಾಲ್ಕೂ ಬಿಳಿಯಾಗುವುದು ಒಂದೇ ಬಗೆ, ಅದು ಚೌಕ. ನಾಲ್ಕೂ ಕಪ್ಪಾಗುವುದೂ ಒಂದೇ ಬಗೆ, ಅದಕ್ಕೆ ಎಂಟು ಮನೆ, ಅದೇ ಬಾರ. ಈಗ ಅತ್ತೆಯ ಮಾತು ತೂಗಿ ನೋಡಿ. ಎರಡು ಮನೆ ಹಿಂದಿರುವ ಕಾಯಿ ನಿಮ್ಮನ್ನು ಕಡಿಯುವ ಸಾಧ್ಯತೆ 16ಕ್ಕೆ 6, ಅಂದರೆ ನೂರಕ್ಕೆ 37ರ ಮೇಲೆ. ನಾಲ್ಕು ಮನೆ ಹಿಂದಿದ್ದರೆ 16ಕ್ಕೆ 1. ಐದು, ಆರು, ಏಳು ಮನೆಯ ದೂರಕ್ಕೆ ನೇರ ಗರವೇ ಇಲ್ಲ (ಚೌಕ ಬಿದ್ದು ಇನ್ನೊಂದು ಆಟ ಸಿಕ್ಕರೆ ಮಾತು ಬೇರೆ). ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಎಂಬ ಇಡೀ ಜಾಣ್ಮೆ ನಿಂತಿರುವುದು ಈ ಏರುಪೇರಿನ ಮೇಲೆ. ಆರು ಮುಖದ ದಾಳ ತಂದಿರೋ, ಎರಡು ಮನೆ ಹಿಂದಿದ್ದರೂ ಆರು ಮನೆ ಹಿಂದಿದ್ದರೂ ಅಪಾಯ ಒಂದೇ, 6ಕ್ಕೆ 1. ಅರವತ್ತು ಎಪ್ಪತ್ತು ವರ್ಷದಿಂದ ನಿಮ್ಮ ತಾಯಿಯ ಕೈ ಕಲಿತ ಲೆಕ್ಕವನ್ನೆಲ್ಲ ಒಂದೇ ಏಟಿಗೆ ಒರೆಸಿಹಾಕಿದ್ದೀರಿ. ಅವರು ಎದ್ದು ಹೋಗದೆ ಇನ್ನೇನು ಮಾಡಬೇಕಿತ್ತು?

ಆಟದ ನಡಿಗೆಯೂ ಕೆಡುತ್ತದೆ. ಬೀಜದ ಸರಾಸರಿ ಗರ ಎರಡೂವರೆ, ದಾಳದ್ದು ಮೂರೂವರೆ. ಹೊರಸುತ್ತು ಒಳಸುತ್ತು ಸೇರಿ, ನಡುಮನೆ ಮುಟ್ಟಿ ಹಣ್ಣಾಗಲು ಒಂದು ಕಾಯಿ 24 ಮನೆ ನಡೆಯಬೇಕು. ಬೀಜದಲ್ಲಿ ಹತ್ತು ಗರದ ದಾರಿ ದಾಳದಲ್ಲಿ ಏಳಕ್ಕೆ ಮುಗಿದುಹೋಗುತ್ತದೆ. ಕಡಿಸಿಕೊಳ್ಳುವ, ಮತ್ತೆ ಮೊದಲಿನಿಂದ ಹೊರಡುವ ಸಂಕಟ ಅಷ್ಟು ಕಡಿಮೆ. ಸಂಕಟ ಕಡಿಮೆಯಾದರೆ ಚೌಕಾಬಾರದಲ್ಲಿ ಉಳಿಯುವುದೇನು?

ದಾರಿ ಇದೆ, ಸುಲಭವಾದದ್ದೇ. ಆನ್‌ಲೈನ್ ದಾಳಗಳಲ್ಲಿ ಎಷ್ಟು ದಾಳ, ಎಷ್ಟು ಮುಖ ಎಂದು ಆರಿಸುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ನಾಲ್ಕು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದ ದಾಳಗಳೂ ಸಿಗುತ್ತವೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಿಂದ ಇವೆಲ್ಲ ಮನೆಮಾತಾದವು. ನೀವು ಎರಡು ಮುಖದ ದಾಳ ನಾಲ್ಕು ಆರಿಸಿ. ಅದಿಲ್ಲದಿದ್ದರೆ ನಾಣ್ಯ ಚಿಮ್ಮುವ ಪುಟದಲ್ಲಿ ನಾಲ್ಕು ನಾಣ್ಯ. ಅದೂ ಇಲ್ಲವೆಂದರೆ ಆರು ಮುಖದ ದಾಳ ನಾಲ್ಕನ್ನು ಉರುಳಿಸಿ, ಬೆಸ ಬಿದ್ದದ್ದು ಬಿಳಿ, ಸಮ ಬಿದ್ದದ್ದು ಕಪ್ಪು ಎಂದುಕೊಳ್ಳಿ. ಬಿಳಿ ಎಣಿಸಿ ಕಾಯಿ ನಡೆಸಿ, ಒಂದೂ ಬಿಳಿ ಇಲ್ಲದಿದ್ದರೆ ಬಾರ. ಬೆಂಗಳೂರಿನ ಮಗ ವಿಡಿಯೊ ಕರೆಯಲ್ಲಿ ಕೂತು ಆಡುವಾಗ ಇದೇ ಸರಿಯಾದ ಉಪಾಯ. ಬೀಜ ಯಾರ ಮನೆಯಲ್ಲಿ ಹೇಗೆ ಬಿತ್ತು ಎಂಬ ಜಗಳ ಇರುವುದಿಲ್ಲ.

ಇಷ್ಟಾದರೂ ಬೀಜ ಬೀಜವೇ. ನಾಣ್ಯದ ಹಾಗೆ ಅರ್ಧಕ್ಕರ್ಧ ಬೀಳುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿಲ್ಲ. ಕಲ್ಲಿಗೆ ಎಷ್ಟು ತೇಯ್ದಿದ್ದೀರಿ, ಹಿಂಬದಿ ಎಷ್ಟು ಉಬ್ಬಿದೆ ಎಂಬುದರ ಮೇಲೆ ಒಂದೊಂದರ ಗುಣ ಒಂದೊಂದು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಕಳ್ಳತನದಿಂದ. ಒಂದು ಮಧ್ಯಾಹ್ನ ಎರಡು ಬೀಜಗಳನ್ನು ಜಗುಲಿಯ ಚಪ್ಪಡಿಗೆ ತೇಯ್ದು ತೇಯ್ದು ಬಿಲ್ಲೆಯ ಹಾಗೆ ಮಾಡಿ, ಒಳ್ಳೆಯ ಬೀಜಗಳ ಜೊತೆ ಸೇರಿಸಿಟ್ಟೆ. ರಾತ್ರಿ ಅತ್ತೆ ನಾಲ್ಕೈದು ಗರ ಹಾಕಿದವರು ನಿಲ್ಲಿಸಿದರು. ಅಂಗೈಯಲ್ಲಿ ಬೀಜ ಕುಲುಕಿದರು, ಸದ್ದು ಕೇಳಿಸಿಕೊಂಡರು, ಅವೆರಡನ್ನೇ ಆರಿಸಿ ಬಚ್ಚಲ ಒಲೆಗೆ ಎಸೆದು ಬಂದು, "ಹ್ಞೂಂ, ಆಡು" ಎಂದರು.

ಮೊಮ್ಮಗನಿಗೆ ಪಾಠ ಬೇಕಿದ್ದರೆ ಇಲ್ಲಿಂದಲೇ ಶುರು ಮಾಡಿಸಿ. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಅನುಕೂಲಕರ ಫಲಿತಾಂಶಗಳನ್ನು ಒಟ್ಟು ಫಲಿತಾಂಶಗಳಿಂದ ಭಾಗಿಸು ಎಂದಿದೆ. ಎಲ್ಲ ಫಲಿತಾಂಶಗಳಿಗೂ ಸಮಾನ ಅವಕಾಶವಿದ್ದರೆ ಎಂಬ ಷರತ್ತೂ ಅಲ್ಲೇ ಇದೆ. ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಷರತ್ತು ನುಂಗಿಬಿಡುತ್ತಾರೆ. ನಾಲ್ಕು ಬೀಜಗಳನ್ನು ನೂರು ಸಲ ಎಸೆದು, ನಾನೂರರಲ್ಲಿ ಎಷ್ಟು ಬಿಳಿ ಎಂದು ಅವನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಲಿ. ಹತ್ತಕ್ಕೆ ಆರರಂತೆ ಬಿಳಿ ಬೀಳುವ ಬೀಜಗಳು ಎಂದಿಟ್ಟುಕೊಳ್ಳಿ. ಆಗ ಚೌಕ ಸುಮಾರು ಎಂಟು ಗರಕ್ಕೊಮ್ಮೆ ಬೀಳುತ್ತದೆ, ಬಾರ 39 ಗರಕ್ಕೊಮ್ಮೆ. ನಾಣ್ಯದಲ್ಲಾದರೆ ಎರಡೂ 16ಕ್ಕೊಂದು. ಬೀಜ ನೂರಕ್ಕೆ ಹತ್ತರಷ್ಟು ವಾಲಿದ್ದಕ್ಕೆ ಬಾರ ಅರ್ಧಕ್ಕಿಂತ ಕೆಳಗಿಳಿಯಿತು! ಇಂಥ ಬೀಜಗಳನ್ನು ಫೋನಿಗೆ ಇಳಿಸುವುದೂ ಕಷ್ಟವಲ್ಲ. ಹತ್ತು ಮುಖದ ದಾಳ ನಾಲ್ಕು ಉರುಳಿಸಿ, 1ರಿಂದ 6 ಬಿದ್ದರೆ ಬಿಳಿ ಎಂದರಾಯಿತು.

ಆನ್‌ಲೈನ್ ದಾಳ ನಿಜಕ್ಕೂ ಕೆಲಸಕ್ಕೆ ಬರುವುದು ಕೈ ಸೋಲುವಷ್ಟು ಎಸೆತ ಬೇಕಾದಾಗ. 600 ಸಲ ಉರುಳಿಸಿ ಪ್ರತಿ ಮುಖ ಎಷ್ಟು ಬಂತೆಂದು ಬರೆಯಲಿ. ನೂರರ ಆಸುಪಾಸು ಬರಬೇಕು, ಆದರೆ 82 ಬಂದರೂ 118 ಬಂದರೂ ಗಾಬರಿ ಬೇಡ, ಅಷ್ಟು ಓಲಾಟ ಸಹಜ. ಎಲ್ಲ ಮುಖವೂ ಸರಿಯಾಗಿ ನೂರು ನೂರೇ ಬಂತೆಂದು ತೋರಿಸಿದರೆ ಮಾತ್ರ ಹುಡುಗನ ಕಿವಿ ಹಿಂಡಿ, ಕೂತಲ್ಲೇ ಬರೆದಿದ್ದಾನೆ. ಆಮೇಲೆ ಮೂರು ದಾಳದ ಒಂದು ಹಳೆಯ ಒಗಟಿದೆ. ಮೊತ್ತ 9 ಬರಲು ಆರು ಜೋಡಣೆ, 10 ಬರಲೂ ಆರೇ ಜೋಡಣೆ. ಆದರೆ ಇಟಲಿಯ ಜೂಜುಕೋರರು ಹತ್ತೇ ಹೆಚ್ಚು ಬೀಳುತ್ತದೆ ಎನ್ನುತ್ತಿದ್ದರು. ಪ್ರಶ್ನೆ ಗೆಲಿಲಿಯೋವರೆಗೂ ಹೋಯಿತು. ಆತ 216 ಬಗೆಗಳನ್ನೂ ಎಣಿಸಿ, ಒಂಬತ್ತಕ್ಕೆ 25, ಹತ್ತಕ್ಕೆ 27 ಎಂದು ತೋರಿಸಿದ. ನೂರಕ್ಕೆ ಒಂದೂ ಇಲ್ಲದ ಆ ವ್ಯತ್ಯಾಸ ಆಡಿ ಆಡಿ ಅವರ ಕೈಗೆ ತಿಳಿದಿತ್ತು. ನಮ್ಮತ್ತೆಯನ್ನು ಆ ಗುಂಪಿಗೆ ಸೇರಿಸಲು ನನಗೇನೂ ಅಡ್ಡಿಯಿಲ್ಲ. ಹೇಗೆ 25, ಹೇಗೆ 27 ಎಂಬುದನ್ನು ನಾನು ಬಿಡಿಸುವುದಿಲ್ಲ, ಹುಡುಗ ಎಣಿಸಲಿ.

ಜೂಜಿನ ಭಯದ ಬಗ್ಗೆ: ದಾಳ ಉರುಳಿಸುವ ಪುಟ ಬೇರೆ, ದುಡ್ಡು ಕಟ್ಟಿಸಿಕೊಳ್ಳುವ ಆಟ ಬೇರೆ. ಎರಡನೆಯದನ್ನು ನಿಷೇಧಿಸುವ ಕಾಯ್ದೆಯನ್ನು 2025ರಲ್ಲಿ ಸಂಸತ್ತೇ ಮಾಡಿದೆ. ಹುಡುಗನ ಫೋನಿನಲ್ಲಿ ಹಣ ಕೇಳುವ ಆಟ ಕಂಡರೆ ಅಳಿಸಿಹಾಕಿ, ದಾಳವನ್ನು ಬಿಟ್ಟುಬಿಡಿ.

ಹುಣಸೆ ಬೀಜ ಸಿಗಲಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ನಮ್ಮ ಜಿಲ್ಲೆಯಲ್ಲಿದ್ದುಕೊಂಡು, ಅದೂ ಬೇಸಿಗೆಯಲ್ಲಿ, ಹುಣಸೆಹಣ್ಣು ಜಜ್ಜುವ ಒಂದು ಮನೆ ಕಾಣಲಿಲ್ಲವೆ? ನಾಲ್ಕು ಬೀಜ ತಂದು, ಬಿಲ್ಲೆಯಾಗುವಷ್ಟು ತೇಯದೆ, ಹದವಾಗಿ ಉಜ್ಜಿ ತಾಯಿಯವರ ಕೈಗೆ ಕೊಟ್ಟು ಕರೆಯಿರಿ. ಮೊಮ್ಮಗನ ಕಾಯಿಯಿಂದ ಎಷ್ಟು ಮನೆ ದೂರ ಕೂರಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.