ಮನೆಯ ಎಲ್‌ಇಡಿ ದೀಪದಿಂದ ವಿಟಮಿನ್ ಡಿ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಸುತ್ತಲೂ ನಾಲ್ಕು ಮಹಡಿ ಕಟ್ಟಡಗಳು, ಹಗಲಲ್ಲೂ ಲೈಟ್ ಹಾಕಬೇಕು. ಅತ್ತೆಗೆ 68 ವರ್ಷ. ಮೈಕೈ ನೋವು, ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ವಿಟಮಿನ್ ಡಿ 11 ಬಂದಿದೆ. ಆನ್‌ಲೈನ್‌ನಲ್ಲಿ ‘ಫುಲ್ ಸ್ಪೆಕ್ಟ್ರಮ್, ಸೂರ್ಯನ ಬೆಳಕಿನಂಥ ಎಲ್‌ಇಡಿ’ ಅಂತ ಮಾರುತ್ತಾರಲ್ಲ, ಅದನ್ನು ಅವರ ಕೋಣೆಗೆ ಹಾಕಿಸಲೇ?

ಉತ್ತರ: ವಿಟಮಿನ್ ಡಿಗಾಗಿ ಅಂತಾದರೆ ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ನಮ್ಮ ಚರ್ಮದಲ್ಲಿ 7-ಡಿಹೈಡ್ರೋಕೊಲೆಸ್ಟೆರಾಲ್ ಎಂಬ ವಸ್ತು ಇರುತ್ತದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದಾಗ ಅದರ ರಚನೆ ಬದಲಾಗುತ್ತದೆ. ಆಮೇಲೆ ಮೈಯ ಶಾಖಕ್ಕೆ ಅದು ನಿಧಾನವಾಗಿ ವಿಟಮಿನ್ ಡಿ3 ಆಗುತ್ತದೆ. ಯುವಿ-ಬಿ ಅಂದರೆ 280ರಿಂದ 315 ನ್ಯಾನೊಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಕಿರಣ. ಅದರಲ್ಲೂ ಈ ಕೆಲಸಕ್ಕೆ ಹೆಚ್ಚು ಒದಗುವುದು 295ರ ಆಸುಪಾಸಿನದು.

ಮನೆಯ ಬಿಳಿ ಎಲ್‌ಇಡಿಯಲ್ಲಿ ಇದು ಇಲ್ಲವೇ ಇಲ್ಲ. ಅದರೊಳಗಿರುವುದು ಸುಮಾರು 450 ನ್ಯಾನೊಮೀಟರಿನ ನೀಲಿ ಬೆಳಕು ಕೊಡುವ ಚಿಪ್. ಮೇಲೊಂದು ಹಳದಿ ಫಾಸ್ಫರ್ ಲೇಪನ, ಅದು ಆ ನೀಲಿಯಲ್ಲಿ ಸ್ವಲ್ಪವನ್ನು ಹಳದಿ ಬೆಳಕಾಗಿ ಬದಲಿಸುತ್ತದೆ. ಮೊಬೈಲಿನ ಫ್ಲ್ಯಾಶ್‌ಲೈಟನ್ನು ಆಫ್ ಮಾಡಿ ಹತ್ತಿರದಿಂದ ನೋಡಿ. ಪುಟ್ಟ ಹಳದಿ ಚುಕ್ಕೆ ಕಾಣುತ್ತದಲ್ವಾ? ಅದೇ ಆ ಲೇಪನ. ನೀಲಿ, ಹಳದಿ ಎರಡೂ ಬೆರೆತಾಗ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ‘ಫುಲ್ ಸ್ಪೆಕ್ಟ್ರಮ್’ ಎಂದು ಮಾರುವ ದೀಪಗಳಲ್ಲಿ ಕೆಲವಕ್ಕೆ ನೇರಳೆ ಚಿಪ್ ಹಾಕಿರುತ್ತಾರೆ. ಅದೂ 400ಕ್ಕಿಂತ ಮೇಲೆಯೇ. ಆ ಬೆಳಕಲ್ಲಿ ಸೀರೆಯ ಬಣ್ಣ, ತರಕಾರಿಯ ಬಣ್ಣ ಸಹಜವಾಗಿ ಕಾಣುತ್ತದೆ, ಅಷ್ಟೇ. ಡಬ್ಬದ ಮೇಲಿನ 6500ಕೆ ಎಂಬುದು ಬೆಳಕು ಎಷ್ಟು ಬಿಳಿ ಅನ್ನುವ ಲೆಕ್ಕ. ಸಿಆರ್‌ಐ 95 ಎಂಬುದು ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಲೆಕ್ಕ. ಎರಡಕ್ಕೂ ವಿಟಮಿನ್‌ಗೂ ಸಂಬಂಧವಿಲ್ಲ. ಇದನ್ನು ಗೊತ್ತಿದ್ದೂ ಮುಚ್ಚಿಟ್ಟು ವಯಸ್ಸಾದವರ ಹೆಸರಲ್ಲಿ ಮಾರುವುದು ನನಗೆ ತುಂಬಾ ಬೇಸರ ತರಿಸುತ್ತದೆ.

ಕೋಣೆ ಕತ್ತಲೆಯಾಗಿದ್ದರೆ ಒಳ್ಳೆಯ ಲೈಟ್ ಖಂಡಿತ ಹಾಕಿಸಿ. ವಯಸ್ಸಾದವರು ಎಡವಿ ಬೀಳುವುದು ಕಡಿಮೆಯಾಗುತ್ತದೆ. ಅದಕ್ಕೆ ಸಾಧಾರಣ ಬಲ್ಬೇ ಸಾಕು.

ಈಗ ಅತ್ತೆಯವರ ವಿಷಯ. ಮಿಲಿಲೀಟರಿಗೆ 11 ನ್ಯಾನೊಗ್ರಾಂ ಅಂದರೆ ಕೊರತೆಯೇ. ಕನಿಷ್ಠ 20 ಇರಬೇಕು, ಹಲವು ಲ್ಯಾಬ್‌ಗಳು 30 ಅಂತ ಬರೆಯುತ್ತವೆ. ಬೆಂಗಳೂರು ಸಮಭಾಜಕ ರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕಿದೆ. ವರ್ಷವಿಡೀ ಇಲ್ಲಿನ ಮಧ್ಯಾಹ್ನದ ಬಿಸಿಲಲ್ಲಿ ಯುವಿ-ಬಿ ಇರುತ್ತದೆ. ಓನರ್ ಹತ್ತಿರ ಮಾತಾಡಿ ಟೆರೇಸಿಗೆ ಹೋಗಲು ಒಪ್ಪಿಸಿ. ನೆರಳು ನಮ್ಮ ಎತ್ತರಕ್ಕಿಂತ ಚಿಕ್ಕದಿರುವ ಹೊತ್ತು ಸರಿಯಾದ ಹೊತ್ತು, ಅಂದಾಜು ಬೆಳಿಗ್ಗೆ 11ರಿಂದ ಮಧ್ಯಾಹ್ನ 2. ತೋಳು, ಮೊಣಕಾಲಿನಿಂದ ಕೆಳಗೆ ಬಿಸಿಲು ಬೀಳಲಿ. ತಲೆಗೆ ಸೆರಗೋ ಟೋಪಿಯೋ ಇರಲಿ. ಹತ್ತು ನಿಮಿಷದಿಂದ ಶುರು ಮಾಡಿ ಅರ್ಧ ಗಂಟೆಯವರೆಗೆ ಕೂರಬಹುದು. ಚುರುಗುಟ್ಟಿದರೆ ಎದ್ದುಬಿಡಬೇಕು. ಗಾಜಿನ ಕಿಟಕಿಯ ಒಳಗೆ ಕೂತರೆ ಪ್ರಯೋಜನವಿಲ್ಲ, ಗಾಜು ಯುವಿ-ಬಿಯನ್ನು ತಡೆಯುತ್ತದೆ.

ಆದರೆ 11 ಇರುವವರಿಗೆ ಬಿಸಿಲೊಂದೇ ಸಾಲದು. ಎಪ್ಪತ್ತರ ಹತ್ತಿರದ ಚರ್ಮ ಇಪ್ಪತ್ತರ ಚರ್ಮ ತಯಾರಿಸುವುದರಲ್ಲಿ ಅರ್ಧದಷ್ಟನ್ನೂ ತಯಾರಿಸುವುದಿಲ್ಲ. ಡಾಕ್ಟರು ಬಹುಶಃ 60,000 ಯೂನಿಟ್‌ನ ಮಾತ್ರೆ ಅಥವಾ ಪುಡಿ ಪ್ಯಾಕೆಟ್ ಬರೆಯುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು, ಕೆಲವೇ ವಾರಗಳ ಮಟ್ಟಿಗೆ. ದಯವಿಟ್ಟು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡಿ. ಬಿಪಿ ಮಾತ್ರೆಯ ಜೊತೆ ದಿನಾ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಂಕು, ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರುವವರಿದ್ದಾರೆ. ಬಿಸಿಲಿನಿಂದ ಹೀಗೆ ಆಗುವುದಿಲ್ಲ. ಜಾಸ್ತಿಯಾದದ್ದನ್ನು ಚರ್ಮವೇ ಬೇರೆ ವಸ್ತುವಾಗಿ ಬದಲಿಸಿಬಿಡುತ್ತದೆ. ಮಾತ್ರೆಗೆ ಆ ತಡೆ ಇಲ್ಲ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಯುವಿ-ಬಿ ಕೊಡುವ ಎಲ್‌ಇಡಿಗಳೂ ಇವೆ ಅಂತ ಗೊತ್ತು. ಅವನ್ನೇ ಒಂದೆರಡು ಸೀಲಿಂಗ್ ಲೈಟಿನೊಳಗೆ ಸೇರಿಸಿದರೆ ಮನೆಯವರಿಗೆಲ್ಲ ವಿಟಮಿನ್ ಡಿ ಸಿಗುವುದಿಲ್ಲವೇ?

ಉತ್ತರ: ನಿಮ್ಮ ಮಾತಿನ ಮೊದಲ ಭಾಗ ನಿಜ. ದೀಪದಿಂದ ಮೂಳೆ ಗಟ್ಟಿಯಾಗುವುದನ್ನು ಬರ್ಲಿನ್ನಿನ ಡಾಕ್ಟರ್ ಕುರ್ಟ್ ಹುಲ್ಡ್‌ಶಿನ್ಸ್‌ಕಿ 1919ರಲ್ಲೇ ತೋರಿಸಿದರು. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್‌ನಿಂದ ಕಾಲು ಬಾಗಿದ ಮಕ್ಕಳಿಗೆ ಅವರು ಪಾದರಸದ ಕ್ವಾರ್ಟ್ಜ್ ದೀಪದ ಬೆಳಕು ಕೊಟ್ಟರು. ಎಕ್ಸ್‌ರೇಯಲ್ಲಿ ಮೂಳೆಗೆ ಸುಣ್ಣದ ಅಂಶ ಸೇರಿದ್ದು ಕಂಡಿತು. ಸೋವಿಯತ್ ಒಕ್ಕೂಟದ ಉತ್ತರದ ಊರುಗಳಲ್ಲಿ ಮಕ್ಕಳನ್ನು ಕಪ್ಪು ಕನ್ನಡಕ ಹಾಕಿಸಿ ಇಂಥ ದೀಪದ ಸುತ್ತ ನಿಲ್ಲಿಸುತ್ತಿದ್ದರು. 2017ರಲ್ಲಿ, ಬಾಸ್ಟನ್ನಿನ ವಿಟಮಿನ್ ಡಿ ಸಂಶೋಧಕ ಮೈಕೆಲ್ ಹೋಲಿಕ್ ಅವರೂ ಇದ್ದ ತಂಡ 293 ನ್ಯಾನೊಮೀಟರಿನ ಎಲ್‌ಇಡಿಯನ್ನು ಮನುಷ್ಯರ ಚರ್ಮದ ತುಣುಕುಗಳ ಮೇಲೆ ಪರೀಕ್ಷಿಸಿತು. ಅರ್ಧ ಗಂಟೆಯ ಬಿಸಿಲಿಗಿಂತ ಅರ್ಧ ನಿಮಿಷದ ದೀಪವೇ ಎರಡು ಪಟ್ಟು ಹೆಚ್ಚು ವಿಟಮಿನ್ ಡಿ ಕೊಟ್ಟಿತು.

ಸೀಲಿಂಗಿಗೆ ಹಾಕುವ ಯೋಚನೆ ಮಾತ್ರ ಬಿಡಿ. ಇದು ಅಳತೆ ತಪ್ಪಬಾರದ ಔಷಧಿ. ಮನೆಯಲ್ಲಿ ಒಬ್ಬರು ಅದರಡಿ ಐದು ನಿಮಿಷ ಇರುತ್ತಾರೆ, ಇನ್ನೊಬ್ಬರು ಇಡೀ ದಿನ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಯಾರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಇಡುವವರು ಯಾರು? ಕಿರಣ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಜಾಸ್ತಿಯಾದದ್ದು ಆ ಹೊತ್ತಿಗೆ ತಿಳಿಯುವುದೂ ಇಲ್ಲ. ವೆಲ್ಡಿಂಗ್ ಬೆಳಕನ್ನು ನೋಡಿದವರಿಗೆ ರಾತ್ರಿ ಕಣ್ಣುರಿ ಹತ್ತಿ ನೀರು ಸುರಿಯುತ್ತದಲ್ಲ, ಅದೇ ಸಮಸ್ಯೆ ಇಲ್ಲೂ ಬರುತ್ತದೆ. ವಿಟಮಿನ್ ಡಿ ಮಾಡುವ ಕಿರಣವೇ ಚರ್ಮದ ಡಿಎನ್‌ಎಗೂ ಪೆಟ್ಟು ಕೊಡುತ್ತದೆ. ವರ್ಷಗಟ್ಟಲೆ ಹೀಗಾದರೆ ಕ್ಯಾನ್ಸರಿನ ಅಪಾಯ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಉದಾಹರಣೆ ನೋಡಿ. ಅಲ್ಲಿನವರು ತಿಂಗಳುಗಟ್ಟಲೆ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ನಿದ್ದೆ ಸರಿಹೋಗಲಿ ಅಂತ ಹೊತ್ತಿಗೆ ತಕ್ಕಂತೆ ಬಣ್ಣ ಬದಲಿಸುವ ಎಲ್‌ಇಡಿಗಳನ್ನು ಹಾಕಿದ್ದಾರೆ. ವಿಟಮಿನ್ ಡಿಗೆ ಮಾತ್ರ ದಿನಕ್ಕೆ 800 ಯೂನಿಟ್‌ನ ಮಾತ್ರೆ!

ಕರುಳಿನ ಕಾಯಿಲೆಯಿಂದ ಮಾತ್ರೆ ಮೈಗೆ ಹತ್ತದವರಿಗೆ ಯುವಿ-ಬಿ ದೀಪ ನಿಜಕ್ಕೂ ನೆರವಾಗಬಹುದು. ಅದು ಟೈಮರ್ ಇರುವ, ಕನ್ನಡಕ ಹಾಕಿ ಬಳಸುವ ಉಪಕರಣ. ಡಾಕ್ಟರ ಸಲಹೆಯಿಲ್ಲದೆ ಕೊಳ್ಳಬೇಡಿ. ‘ಯುವಿ ಎಲ್‌ಇಡಿ’ ಎಂದು ಅಗ್ಗಕ್ಕೆ ಸಿಗುವುದು ಬಹುಪಾಲು 365 ಅಥವಾ 395ರದ್ದು, ಖೋಟಾ ನೋಟು ನೋಡಲು, ಉಗುರಿನ ಪಾಲಿಶ್ ಒಣಗಿಸಲು ಬಳಸುವಂಥದ್ದು. ಅದರಿಂದ ವಿಟಮಿನ್ ಆಗದು. ಕೊರೊನಾ ಕಾಲದಲ್ಲಿ ಕ್ರಿಮಿನಾಶಕ ಅಂತ ಕೊಂಡ 254ರ ದೀಪವನ್ನಂತೂ ಮೈಮೇಲೆ ಹಾಯಿಸಲೇಬೇಡಿ.

ಪ್ರಶ್ನೆ: ಮಗುವಿಗೆ ಎರಡು ತಿಂಗಳು. ಅಮ್ಮ ದಿನಾ ಎಣ್ಣೆ ಸ್ನಾನ ಮಾಡಿಸಿ ಏಳು ಗಂಟೆಯ ಎಳೆ ಬಿಸಿಲಿಗೆ ಹಿಡಿಯುತ್ತಾರೆ. ಹುಟ್ಟಿದಾಗ ಕಾಮಾಲೆಗೆ ಆಸ್ಪತ್ರೆಯಲ್ಲಿ ನೀಲಿ ಲೈಟಿನ ಕೆಳಗೂ ಇಟ್ಟಿದ್ದರು. ಇನ್ನೂ ವಿಟಮಿನ್ ಡಿ ಡ್ರಾಪ್ಸ್ ಬೇಕೇ?

ಉತ್ತರ: ಬೇಕು. ಆ ನೀಲಿ ಲೈಟ್ ಈಗ ಬಹುತೇಕ ಕಡೆ ಎಲ್‌ಇಡಿಯೇ. ಅದರ 460-490 ನ್ಯಾನೊಮೀಟರ್ ಬೆಳಕು ಕಾಮಾಲೆಯಲ್ಲಿ ಮೈ ಹಳದಿಯಾಗಿಸುವ ಬಿಲಿರುಬಿನ್ನನ್ನು ಮೈಯಿಂದ ಹೊರಹೋಗುವಂತೆ ಬದಲಿಸುತ್ತದೆ. ವಿಟಮಿನ್ ಡಿ ಅದರ ಕೆಲಸವಲ್ಲ. ಇನ್ನು ಎಳೆ ಬಿಸಿಲು. ಬೆಳಿಗ್ಗೆ ಏಳಕ್ಕೆ ಸೂರ್ಯ ಓರೆಯಾಗಿರುತ್ತಾನೆ, ಯುವಿ-ಬಿ ಹೆಚ್ಚುಕಡಿಮೆ ಎಲ್ಲವೂ ಮೇಲಿನ ಓಜೋನ್ ಪದರದಲ್ಲೇ ನಿಂತುಬಿಡುತ್ತದೆ. ಅಮ್ಮನಿಗೆ ಇದನ್ನು ನಯವಾಗಿ ಹೇಳಿ. ಮಗು ಬೆಚ್ಚಗೆ, ಖುಷಿಯಾಗಿ ಇರುತ್ತದೆ, ಅದನ್ನು ನಿಲ್ಲಿಸಬೇಕಿಲ್ಲ. ಹಾಗಂತ ಹಸುಗೂಸನ್ನು ಮಧ್ಯಾಹ್ನದ ಬಿಸಿಲಿಗೂ ಒಯ್ಯಬೇಡಿ. ಎದೆಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಅದಕ್ಕೇ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಕೊಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುವುದು. ಒಂದೊಂದು ಬ್ರ್ಯಾಂಡಿನಲ್ಲಿ ಹನಿಯ ಅಳತೆ ಬೇರೆ. ಬಾಟಲಿ ಬದಲಾದಾಗೆಲ್ಲ ಲೇಬಲ್ ಓದಿ.

ಪ್ರಶ್ನೆ: ಲಂಡನ್ನಿನಲ್ಲಿದ್ದೇನೆ. ಚಳಿಗಾಲದ ಮಂಕು ಕಳೆಯಲು ತುಂಬಾ ಪ್ರಖರವಾದ 10,000 ಲಕ್ಸ್ ಲ್ಯಾಂಪ್ ಕೊಂಡಿದ್ದೇನೆ. ವಿಟಮಿನ್ ಡಿಗೂ ಇದೇ ಸಾಕಲ್ವಾ?

ಉತ್ತರ: ಸಾಲದು. ಅಂಥ ಲ್ಯಾಂಪ್ ಕಣ್ಣಿನ ಮೂಲಕ ಕೆಲಸ ಮಾಡುತ್ತದೆ. ಅದರಿಂದ ಯುವಿ ಹೊರಬರದಂತೆ ನೋಡಿಕೊಂಡಿರುತ್ತಾರೆ. ಬೆಳಗಿನ ಹೊತ್ತು ಬಳಸಿ, ಮನಸ್ಸಿಗೆ ಒಳ್ಳೆಯದು. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಲಂಡನ್ನಿನ ಬಿಸಿಲಲ್ಲೂ ವಿಟಮಿನ್ ಡಿ ಮಾಡುವಷ್ಟು ಯುವಿ-ಬಿ ಇರುವುದಿಲ್ಲ. ಅಲ್ಲಿನ ಸರ್ಕಾರವೇ ಆ ತಿಂಗಳುಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅನ್ನುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ವರ್ಷವಿಡೀ. ರಾತ್ರಿ ಊಟದ ಜೊತೆ ನುಂಗಿ, ಜಿಡ್ಡಿನಂಶ ಇದ್ದಾಗ ಅದು ಮೈಗೆ ಚೆನ್ನಾಗಿ ಹತ್ತುತ್ತದೆ.