ಕ್ರೈಸ್ತ ವಿಶ್ವಾಸ ಮತ್ತು ನೆರೆಯವರ ಮೇಲಿನ ಪ್ರೀತಿಯಿಂದ ಅಪರಾಧವನ್ನು ತಡೆಯಲು ಸಾಧ್ಯವೇ?

ಸಾಧ್ಯ, ಆದರೆ ಆ ವಿಶ್ವಾಸವು ಉಪದೇಶದಲ್ಲೇ ಉಳಿಯದೆ, ದಾರಿ ತಪ್ಪಿದ ಒಬ್ಬ ವ್ಯಕ್ತಿಯೊಂದಿಗಿನ ನಿರಂತರ ಒಡನಾಟವಾದಾಗ ಮಾತ್ರ. ಕಾನೂನು ಶಿಕ್ಷೆಯ ಭಯದಿಂದ ಕೈಯನ್ನು ತಡೆಯುತ್ತದೆ, ಯಾರೂ ನೋಡದ ಕಡೆ ಆ ಭಯ ಸಡಿಲವಾಗುತ್ತದೆ. ಎದುರಿಗಿರುವವನನ್ನು ತನ್ನಂತೆಯೇ ಕಾಣುವವನಿಗಾದರೋ ಹಾನಿ ಮಾಡುವ ಮನಸ್ಸೇ ಸುಲಭವಾಗಿ ಹುಟ್ಟದು. ಪ್ರೀತಿಯು ನೆರೆಯವನಿಗೆ ಕೇಡು ಮಾಡುವುದಿಲ್ಲವೆಂದು ಯೇಸುವಿನ ಸಂದೇಶ ಸಾರಿದ ಪೌಲನು, ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 13ನೆಯ ಅಧ್ಯಾಯದಲ್ಲಿ ಹೇಳುವುದು ಇದನ್ನೇ. ಎಫೆಸದವರಿಗೆ ಬರೆದ ಪತ್ರವು ಇನ್ನೂ ಮುಂದೆ ಹೋಗಿ, ಕಳ್ಳನು ಕದಿಯುವುದನ್ನು ಬಿಟ್ಟರೆ ಸಾಲದು, ಸ್ವಂತ ಕೈಯಿಂದ ದುಡಿದು ಕೊರತೆಯಲ್ಲಿರುವವರಿಗೆ ಕೊಡುವವನಾಗಬೇಕು ಎನ್ನುತ್ತದೆ. ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ: ತಪ್ಪು ಮಾಡಿದವನಿಗೂ ಸಮಾಜದಲ್ಲಿ ಒಂದು ಸ್ಥಾನ, ಒಂದು ಹೊಣೆ ಸಿಗಬೇಕು.

ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ 1994ರಲ್ಲಿ, ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿ ಶಿಕ್ಷೆ ಮುಗಿಸಿ ಹೊರಬಂದಿದ್ದ ಒಬ್ಬನ ಸುತ್ತ, ಅಹಿಂಸೆಗೆ ಬದ್ಧವಾದ ಮೆನೊನೈಟ್ ಪಂಗಡದ ಪಾದ್ರಿಯೊಬ್ಬರು ಕೆಲವು ವಿಶ್ವಾಸಿಗಳನ್ನು ಕೂಡಿಸಿದರು. ಆಮೇಲೆ ಬ್ರಿಟನ್ ಮೊದಲಾದ ದೇಶಗಳಿಗೂ ಹಬ್ಬಿದ ಈ ಕ್ರಮದಲ್ಲಿ ಸ್ವಯಂಸೇವಕರು ಅಂಥವನನ್ನು ನಿಯಮಿತವಾಗಿ ಭೇಟಿಯಾಗಿ, ನೆಲೆಗೊಳ್ಳಲು ನೆರವಾಗುತ್ತಾರೆ. ಹಾಗೆಯೇ, ಮತ್ತೆ ತಪ್ಪಿನ ಕಡೆಗೆ ಜಾರುವ ಲಕ್ಷಣ ಕಂಡರೆ ಮುಚ್ಚುಮರೆಯಿಲ್ಲದೆ ಪ್ರಶ್ನಿಸುತ್ತಾರೆ, ಅಪಾಯವಿದ್ದರೆ ಪೊಲೀಸರಿಗೂ ತಿಳಿಸುತ್ತಾರೆ.