ಸಾಲ್ಮನ್ ನೋಡಲು ಯಾವಾಗ ಹೋಗಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಇಸ್ಸಾಕ್ವಾ ಸಾಲ್ಮನ್ ಹ್ಯಾಚರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಹೊಳೆಗೆ ವಾಪಸ್ ಬರುವ ಮೀನು ಸಾಲ್ಮನ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 27 ಕಿಲೋಮೀಟರ್ ದೂರದ ಊರು ಇಸ್ಸಾಕ್ವಾ. ಊರ ನಡುವೆ ಹೊಳೆ, ಹೊಳೆಯ ದಂಡೆಯಲ್ಲೇ ರಾಜ್ಯ ಸರ್ಕಾರದ ಮೀನುಮರಿ ಕೇಂದ್ರ. ಯಾರು ಬೇಕಾದರೂ ಹೋಗಿ ನೋಡಬಹುದು. ನಾನು ನಮ್ಮ ಮೀನುಗಾರಿಕೆ ಇಲಾಖೆಯಲ್ಲಿ ಕಾಟ್ಲಾ, ರೋಹು ಮರಿ ಮಾಡಿಸುವ ಕೆಲಸದಲ್ಲಿದ್ದು ನಿವೃತ್ತಳಾದವಳು. ಈಗ ವರ್ಷದಲ್ಲಿ ಕೆಲವು ತಿಂಗಳು ಪಕ್ಕದ ಸಾಮಾಮಿಶ್ ಊರಿನ ಮಗಳ ಮನೆಯಲ್ಲಿರುತ್ತೇನೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣ.

ಮಗ ಸಿಯಾಟಲ್ ಪಕ್ಕದ ಬೆಲ್ವ್ಯೂನಲ್ಲಿದ್ದಾನೆ. ಬೇಸಿಗೆಯಲ್ಲಿ ಹವೆ ಚೆನ್ನಾಗಿರುತ್ತೆ, ಜೂನ್‌ನಲ್ಲಿ ಬನ್ನಿ ಅಂತಾನೆ. ಆಗ ಮೀನು ಕಾಣಿಸುತ್ತಾ? ಟಿಕೆಟ್ ಎಷ್ಟು?
– ಓದುಗರು, ದಾವಣಗೆರೆ

ಟಿಕೆಟ್ ಇಲ್ಲ, ಪ್ರವೇಶ ಉಚಿತ.

ಜೂನ್‌ನಲ್ಲಿ ಹೋದರೆ ಕೊಳಗಳಲ್ಲಿ ಕೋಹೊ ಎಂಬ ಜಾತಿಯ ಸಾಲ್ಮನ್ ಮರಿಗಳು ಕಾಣಿಸುತ್ತವೆ. ದೊಡ್ಡ ಮೀನು ಇರುವುದಿಲ್ಲ. ಸಮುದ್ರದಿಂದ ವಾಪಸ್ ಬರುವ ಚಿನೂಕ್ ಸಾಲ್ಮನ್ ಈ ಹೊಳೆಗೆ ಸೇರುವುದು ಆಗಸ್ಟ್ ಕೊನೆಯಿಂದ. ಸೆಪ್ಟೆಂಬರ್, ಅಕ್ಟೋಬರ್ ಅದರ ಕಾಲ. ಕೋಹೊ ಅದರ ಹಿಂದೆ, ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ. ಆದ್ದರಿಂದ ಜೂನ್‌ನಲ್ಲೇ ಹೋಗುವುದಾದರೂ ವಾಪಸ್ ಬರುವುದನ್ನು ಅಕ್ಟೋಬರ್‌ವರೆಗೆ ತಳ್ಳಿ. ಹೇಗೂ ಅಪ್ಪ ಅಮ್ಮ ಹೋದರೆ ನಾಲ್ಕೈದು ತಿಂಗಳು ಇದ್ದೇ ಇರ್ತೀರಿ ಅಲ್ವಾ?

ಅಷ್ಟು ತಿಂಗಳು ಇದ್ದರೆ ಇನ್ನೂ ಒಳ್ಳೆಯದು. ಮೀನಿನ ಜೊತೆಗೇ ನೀವೂ ದಾರಿ ಹಿಡಿಯಬಹುದು. ಜುಲೈನಲ್ಲಿ ಸಿಯಾಟಲ್‌ನ ಬ್ಯಾಲರ್ಡ್ ಲಾಕ್ಸ್‌ಗೆ ಹೋಗಿ. ಸಮುದ್ರಕ್ಕೂ ಸರೋವರಕ್ಕೂ ನಡುವೆ ಹಡಗು ಏರಿಸಿ ಇಳಿಸುವ ಜಾಗ ಅದು, 1917ರಲ್ಲಿ ಶುರುವಾಯಿತು. ಅಲ್ಲಿ ಮೀನುಗಳು ಮೇಲಕ್ಕೆ ಏರಿ ಹೋಗಲು ನೀರು ಹರಿಯುವ 21 ಮೆಟ್ಟಿಲಿನ ಒಂದು ಏಣಿ ಕಟ್ಟಿದ್ದಾರೆ. ನೆಲದ ಕೆಳಗಿನ ಕೋಣೆಯಲ್ಲಿ ಗಾಜಿನ ಕಿಟಕಿ ಇದೆ. ಜುಲೈನಲ್ಲಿ ಆ ಕಿಟಕಿಯಲ್ಲಿ ಕಾಣುವವು ಸಾಕಾಯ್ ಸಾಲ್ಮನ್, ಅವು ಹೆಚ್ಚಾಗಿ ಸೀಡರ್ ನದಿಗೆ ಹೋಗುವವು. ಆಗಸ್ಟ್‌ನಲ್ಲಿ ಅದೇ ಕಿಟಕಿಯಲ್ಲಿ ಚಿನೂಕ್ ಬರುತ್ತದೆ, ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಲ್ಲಿಂದ ಅದು ಕಾಲುವೆ, ಲೇಕ್ ವಾಷಿಂಗ್ಟನ್, ಸಾಮಾಮಿಶ್ ನದಿ, ಸಾಮಾಮಿಶ್ ಸರೋವರ ದಾಟಿ ಇಸ್ಸಾಕ್ವಾ ಹೊಳೆಗೆ ಬರಬೇಕು. ಸೆಪ್ಟೆಂಬರ್‌ನಲ್ಲಿ ಹ್ಯಾಚರಿಯಲ್ಲಿ ಅದನ್ನೇ ನೋಡಿದರೆ ಗುರುತು ಸಿಗುವುದಿಲ್ಲ. ಮೈ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಗಂಡಿನ ದವಡೆ ಬಾಗಿರುತ್ತದೆ, ರೆಕ್ಕೆ ಬಾಲ ಸವೆದು ಹರಿದಿರುತ್ತವೆ. ಎರಡೂ ಕಡೆ ನೋಡಿದವರಿಗೆ ಆ ದಾರಿ ಏನು ಮಾಡಿತು ಎಂದು ಯಾರೂ ಹೇಳಬೇಕಾಗಿಲ್ಲ.

ಅಕ್ಟೋಬರ್ ಮೊದಲ ವಾರಾಂತ್ಯ ಇಸ್ಸಾಕ್ವಾದಲ್ಲಿ 'ಸಾಲ್ಮನ್ ಡೇಸ್' ಹಬ್ಬ. 1970ರಿಂದ ನಡೆಯುತ್ತಿದೆ. ಸಡಗರ ಇಷ್ಟ ಇದ್ದರೆ ಹೋಗಿ. ಮೀನು ನೋಡಬೇಕು ಅಂದರೆ ಆ ಎರಡು ದಿನ ಬಿಟ್ಟು, ವಾರದ ನಡುವೆ ಬೆಳಿಗ್ಗೆ ಹೋಗಿ. ಹೊಳೆಗೆ ಅಡ್ಡ ಹಾಕಿದ ಕಟ್ಟೆಯ ಕೆಳಗೆ ನೀರಿನ ಹತ್ತಿರ ನಿಂತು ಅರ್ಧ ಗಂಟೆ ಸುಮ್ನೆ ನೋಡಿ. ಹೊಳೆಯ ತಳವೇ ಜರುಗಿದಂತೆ ಕಾಣುತ್ತದೆ. ಅವೆಲ್ಲ ಮೀನಿನ ಬೆನ್ನುಗಳು.

ಅಲ್ಲಿ ಮೀನಿನ ತಲೆಗೆ ಹೊಡೆದು ಸಾಯಿಸಿ ಹೊಟ್ಟೆ ಕೊಯ್ಯುತ್ತಾರಂತೆ. ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು.
– ಓದುಗರು, ಮೈಸೂರು

ನೀವು ಕೇಳಿದ್ದು ನಿಜ. ಮೊಟ್ಟೆ ತೆಗೆಯುವ ದಿನ ಹಾಗೆಯೇ ಮಾಡುತ್ತಾರೆ. ಮುಚ್ಚುಮರೆ ಇಲ್ಲ, ಜನ ನಿಂತು ನೋಡಬಹುದು.

ಮೊದಲು ಒಂದು ವಿಷಯ ಗೊತ್ತಿರಲಿ. ಇಲ್ಲಿಗೆ ಬರುವ ಚಿನೂಕ್, ಕೋಹೊ ಸಾಲ್ಮನ್ ಜೀವಮಾನದಲ್ಲಿ ಒಂದೇ ಸಲ ಮೊಟ್ಟೆ ಇಡುತ್ತದೆ, ಆಮೇಲೆ ಕೆಲವು ದಿನಗಳಲ್ಲಿ ಸಾಯುತ್ತದೆ. ಗಂಡೂ ಅಷ್ಟೇ. ಕಾಡಿನ ಹೊಳೆಯಲ್ಲಿ ಯಾರೂ ಮುಟ್ಟದಿದ್ದರೂ ಅದು ಬದುಕಿ ಸಮುದ್ರಕ್ಕೆ ಹಿಂತಿರುಗುವುದಿಲ್ಲ. ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಮೀನುಗಳು ಹಾಗಲ್ಲ. ನಾನು ಸಂಜೆ ಮೊಟ್ಟೆ ಇಡಿಸುವ ಇಂಜೆಕ್ಷನ್ ಕೊಟ್ಟು ಹಾಪಾದೊಳಗೆ (ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯೊಳಗೆ) ಬಿಟ್ಟ ರೋಹು ಬೆಳಗಿನ ಜಾವಕ್ಕೆ ಮೊಟ್ಟೆ ಹಾಕುತ್ತಿತ್ತು. ತಾಯಿ ಮೀನನ್ನು ಮತ್ತೆ ಕೊಳಕ್ಕೆ ಬಿಡುತ್ತಿದ್ದೆವು, ಮುಂದಿನ ವರ್ಷ ಅದೇ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಅದಕ್ಕೇ ಇಸ್ಸಾಕ್ವಾದಲ್ಲಿ ಮೊದಲ ಸಲ ನೋಡಿದಾಗ ನನಗೂ ಕಷ್ಟವಾಯಿತು.

ಕೆಲಸ ನಡೆಯುವುದು ಹೀಗೆ. ಹಣ್ಣಾದ, ಅಂದರೆ ಮೊಟ್ಟೆ ಬಲಿತ ಹೆಣ್ಣನ್ನು ಆರಿಸುತ್ತಾರೆ. ತಲೆಗೆ ಒಂದೇ ಏಟು. ಹೊಟ್ಟೆ ಸೀಳಿದರೆ ಕಿತ್ತಳೆ ಬಣ್ಣದ ಮೊಟ್ಟೆಗಳು ಬಕೆಟ್‌ಗೆ ಸುರಿಯುತ್ತವೆ. ಒಂದೊಂದೂ ಬಟಾಣಿ ಗಾತ್ರ. ಒಂದು ಚಿನೂಕ್‌ನಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಮೊಟ್ಟೆ ಇರುತ್ತವೆ. ನಮ್ಮ ರೋಹು ಒಂದು ಕೆಜಿ ತೂಕಕ್ಕೆ ಲಕ್ಷದ ಮೇಲೆ ಮೊಟ್ಟೆ ಕೊಡುತ್ತದೆ, ಆದರೆ ಅವು ತೀರಾ ಸಣ್ಣವು. ಗಂಡು ಮೀನಿನ ಹೊಟ್ಟೆ ಒತ್ತಿ ಬಿಳಿ ವೀರ್ಯವನ್ನು ಮೊಟ್ಟೆಗಳ ಮೇಲೆ ಹಿಂಡುತ್ತಾರೆ. ನೀರು ಬೆರೆಸುತ್ತಾರೆ. ಆಮೇಲೆ ಕತ್ತಲಲ್ಲಿ, ತಣ್ಣೀರು ಹರಿಯುತ್ತಲೇ ಇರುವ ತಟ್ಟೆಗಳಲ್ಲಿ ಹರಡಿ ಒಂದರ ಮೇಲೊಂದು ಜೋಡಿಸುತ್ತಾರೆ.

ಅಲ್ಲಿಂದ ಮುಂದೆ ತಾಳ್ಮೆ ಬೇಕು. ನಮ್ಮಲ್ಲಿ ಮಳೆಗಾಲದ ಬೆಚ್ಚಗಿನ ನೀರಿನಲ್ಲಿ ರೋಹು ಮೊಟ್ಟೆ ಒಂದು ಹಗಲು ರಾತ್ರಿ ಕಳೆಯುವುದರೊಳಗೆ ಒಡೆಯುತ್ತದೆ. ಚಿನೂಕ್ ಮೊಟ್ಟೆಗೆ 10 ಡಿಗ್ರಿ ನೀರಿನಲ್ಲಿ ಸುಮಾರು 50 ದಿನ ಬೇಕು. ನೀರು ಇನ್ನೂ ತಣ್ಣಗಿದ್ದರೆ ಇನ್ನೂ ಜಾಸ್ತಿ. ಅರ್ಧ ದಾರಿಯಲ್ಲಿ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಮೂಡುತ್ತವೆ, ಅವು ಕಣ್ಣು. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದನ್ನು ತೆಗೆಯದಿದ್ದರೆ ಬೂಷ್ಟು ಹಿಡಿದು ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತದೆ. ಆರಿಸಿ ತೆಗೆಯುವ ಕೆಲಸ ಎಷ್ಟು ಬೇಸರದ್ದು, ಎಷ್ಟು ಮುಖ್ಯವಾದದ್ದು ಎಂದು ಹ್ಯಾಚರಿಯಲ್ಲಿ ದುಡಿದವರಿಗೇ ಗೊತ್ತು.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಕರೆದುಕೊಂಡು ಹೋಗಿ. ಆದರೆ ಮನೆಯಲ್ಲೇ ಎಲ್ಲ ಹೇಳಿ, ನೋಡ್ತೀಯಾ ಎಂದು ಅವಳನ್ನೇ ಕೇಳಿ. ಬೇಡ ಅಂದರೆ ಏಣಿ, ಕೊಳ, ಗಾಜಿನ ಕಿಟಕಿ, ಅಂಗಳದ ಎರಡು ದೊಡ್ಡ ಕಂಚಿನ ಸಾಲ್ಮನ್, ಅಷ್ಟೇ ಸಾಕು. ಹ್ಯಾಚರಿಯ ಗೆಳೆಯರ ಸಂಘವೊಂದಿದೆ, ಅದರ ಸ್ವಯಂಸೇವಕರು ಮಕ್ಕಳ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ಮೊಟ್ಟೆ ತೆಗೆಯುವ ದಿನ ಯಾವುದು ಎಂದು ಅವರನ್ನೇ ಮೊದಲು ಕೇಳಿಕೊಳ್ಳಿ. ಅದು ಮೀನು ಹಣ್ಣಾಗುವುದನ್ನು ನೋಡಿಕೊಂಡು ನಡೆಯುವ ಕೆಲಸ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕುವ ಹಾಗೆ ಅಲ್ಲಿಯೂ ಏನಾದರೂ ಹಾಕಬಹುದಾ?
– ಓದುಗರು, ಕೊಪ್ಪ

ಬೇಡ. ಹಾಕಿದರೂ ತಿನ್ನುವುದಿಲ್ಲ. ಸಮುದ್ರ ಬಿಟ್ಟು ಸಿಹಿನೀರಿಗೆ ಬಂದ ಮೇಲೆ ದೊಡ್ಡ ಸಾಲ್ಮನ್ ಊಟ ನಿಲ್ಲಿಸಿಬಿಡುತ್ತದೆ. ಅದರ ಜಠರ ಕುಗ್ಗಿಹೋಗುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು, ಮಾಂಸ ಕರಗಿಸಿಕೊಂಡೇ ಆ ದಾರಿಯನ್ನೆಲ್ಲ ಈಜುತ್ತದೆ, ಅದರಲ್ಲೇ ಮೊಟ್ಟೆಯನ್ನೂ ಹಣ್ಣು ಮಾಡುತ್ತದೆ. ಹೊಟ್ಟೆ ಸೀಳಿದಾಗ ಮೊಟ್ಟೆ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ ಅಂದರೆ ನಡೆಯುತ್ತದೆ.

ಶೃಂಗೇರಿಯ ಮೀನು ಕೈಯಿಂದ ತಿನ್ನಲು ಮೇಲೆ ಬರುತ್ತದೆ. ಇಸ್ಸಾಕ್ವಾದಲ್ಲಿ ನಮ್ಮಿಂದ ಸಾಲ್ಮನ್‌ಗೆ ಬೇಕಾದದ್ದು ಒಂದೇ. ದಾರಿಯಲ್ಲಿ ಅಡ್ಡ ಬರದಿರುವುದು. ಹೊಳೆಗೆ ಕಲ್ಲು ಎಸೆಯುವುದು, ನೀರಿಗಿಳಿಯುವುದು, ನಾಯಿಯನ್ನು ಬಿಡುವುದು ಯಾವುದೂ ಬೇಡ. ಹ್ಯಾಚರಿಗೆ ಹೋಗದೆ ಹೊಳೆಯ ಜಲ್ಲಿಯಲ್ಲೇ ಗುಂಡಿ ತೋಡಿ ಮೊಟ್ಟೆ ಇಡುವ ಮೀನುಗಳೂ ಇವೆ. ಅಲ್ಲಿ ಕಾಲಿಟ್ಟರೆ ಮೊಟ್ಟೆಯ ಮೇಲೇ ಕಾಲಿಟ್ಟ ಹಾಗೆ.

ವರ್ಷ ವರ್ಷ ಅಷ್ಟೊಂದು ಮರಿ ಬಿಡುತ್ತಾರೆ. ಆದರೂ ಸಾಲ್ಮನ್ ಕಡಿಮೆಯಾಗಿದೆ ಅಂತಲೇ ಎಲ್ಲರೂ ಹೇಳುತ್ತಾರೆ. ಏನು ಕಾರಣ?
– ಓದುಗರು, ಬೆಂಗಳೂರು (ಕೆಲವು ವರ್ಷ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದವರು)

ಇದೇ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದೆ.

ಈ ಹ್ಯಾಚರಿ ಕಟ್ಟಿದ್ದು 1936ರಲ್ಲಿ, ಕೆಲಸವಿಲ್ಲದ ಜನರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ. ಅಷ್ಟು ಹೊತ್ತಿಗೆ ಕಲ್ಲಿದ್ದಲು ಗಣಿ, ಮರ ಕಡಿಯುವ ಕೆಲಸ ಎರಡೂ ಸೇರಿ ಹೊಳೆಯನ್ನು ಹಾಳು ಮಾಡಿದ್ದವು. ಹೊಳೆಯ ಮೂಲ ಮೀನು ಬಹುಪಾಲು ಹೋಗಿತ್ತು. ಹಸಿರು ನದಿ ಎಂದು ಕರೆಯುವ ಗ್ರೀನ್ ರಿವರ್‌ನ ಮೀನಿನ ತಳಿ ತಂದು ಇಲ್ಲಿ ಬೆಳೆಸಿದರು. ದಾರಿಯೂ ಹಳೆಯದಲ್ಲ. ಮೊದಲು ಲೇಕ್ ವಾಷಿಂಗ್ಟನ್ ನೀರು ದಕ್ಷಿಣಕ್ಕೆ ಬ್ಲ್ಯಾಕ್ ರಿವರ್ ಎಂಬ ನದಿಯಾಗಿ ಹರಿಯುತ್ತಿತ್ತು. ಹಡಗಿನ ಕಾಲುವೆಗಾಗಿ 1916ರಲ್ಲಿ ಸರೋವರವನ್ನು ಸುಮಾರು 9 ಅಡಿ ಇಳಿಸಿದರು. ಆ ನದಿ ಒಣಗಿಹೋಯಿತು. ಈಗ ನೀವು ಬ್ಯಾಲರ್ಡ್ ಕಿಟಕಿಯಲ್ಲಿ ನೋಡುವುದು ಮನುಷ್ಯರು ಹಾಕಿಕೊಟ್ಟ ಹೊಸ ದಾರಿಯನ್ನು.

ಮರಿ ಬಿಟ್ಟ ಕೂಡಲೇ ಲೆಕ್ಕ ಮುಗಿಯುವುದಿಲ್ಲ. ಚಿನೂಕ್ ಮರಿ ಕೆಲವೇ ತಿಂಗಳ ವಯಸ್ಸಿನಲ್ಲಿ, ವಸಂತ ಕಾಲದಲ್ಲಿ ಹೊಳೆಗೆ ಇಳಿಯುತ್ತದೆ. ಕೋಹೊ ವರ್ಷಕ್ಕಿಂತ ಹೆಚ್ಚು ಕಾಲ ಕೊಳದಲ್ಲಿದ್ದು ಹೋಗುತ್ತದೆ. ವಾಪಸ್ ಬರುವುದು ಬಹಳ ಕಡಿಮೆ. ಚಿನೂಕ್ ಹೆಚ್ಚಾಗಿ ಮೂರರಿಂದ ಐದನೇ ವರ್ಷದಲ್ಲಿ, ತಾನು ಹುಟ್ಟಿದ ನೀರಿನ ವಾಸನೆ ಹಿಡಿದು ಬರುತ್ತದೆ. ಕೊಳದಲ್ಲಿ ತಲೆಮಾರುಗಟ್ಟಲೆ ಬೆಳೆದ ಮೀನಿಗೂ ಹೊಳೆಯಲ್ಲಿ ಹುಟ್ಟಿದ ಮೀನಿಗೂ ವ್ಯತ್ಯಾಸ ಬಂದೇ ಬರುತ್ತದೆ. ಮೇವಿಗೆ, ಜಾಗಕ್ಕೆ ಎರಡರ ನಡುವೆ ಪೈಪೋಟಿಯೂ ಇದೆ. ಅದಕ್ಕೇ ಹ್ಯಾಚರಿ ಮರಿಯ ಬೆನ್ನಿನ ಮೇಲೆ, ಬಾಲದ ಹತ್ತಿರದ ಪುಟ್ಟ ಮಾಂಸಲ ರೆಕ್ಕೆಯನ್ನು ಕತ್ತರಿಸಿ ಗುರುತು ಮಾಡುತ್ತಾರೆ. (ನಮ್ಮ ಕಾಟ್ಲಾ, ರೋಹುಗೆ ಆ ರೆಕ್ಕೆ ಇರುವುದೇ ಇಲ್ಲ.) ಆ ಭಾಗದ ಎಷ್ಟೋ ಕಡೆ ಗಾಳ ಹಾಕುವವರು ಗುರುತಿಲ್ಲದ ಮೀನನ್ನು ವಾಪಸ್ ಬಿಡಬೇಕು. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಕೊಲ್ಲಿಯ ಚಿನೂಕ್ 1999ರಿಂದ ಅಮೆರಿಕದ ಅಪಾಯದ ಅಂಚಿನ ಜೀವಿಗಳ ಕಾನೂನಿನ ಪಟ್ಟಿಯಲ್ಲಿದೆ.

ಇನ್ನೊಂದು ವಿಷಯವನ್ನು ನಿಮಗೆ ಬೇಕೆಂದೇ ಹೇಳುತ್ತಿದ್ದೇನೆ, ನೀವು ರೆಡ್ಮಂಡ್‌ನಲ್ಲಿ ಕಾರು ಓಡಿಸಿದವರು. ಸಿಯಾಟಲ್ ಸುತ್ತಿನ ಹೊಳೆಗಳಲ್ಲಿ ಮಳೆ ಬಂದ ಕೂಡಲೇ ಕೋಹೊ ಮೀನು ಮೊಟ್ಟೆ ಇಡುವ ಮೊದಲೇ ತಿರುಗಿ ತಿರುಗಿ ಸಾಯುತ್ತಿತ್ತು. ವರ್ಷಗಟ್ಟಲೆ ಕಾರಣ ಸಿಕ್ಕಿರಲಿಲ್ಲ. 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಟೈರ್ ಬಿರುಕು ಬಿಡದಿರಲಿ ಎಂದು ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ಬೇರೆ ವಸ್ತುವಾಗುತ್ತದೆ. ಟೈರ್ ಸವೆದ ಪುಡಿಯಿಂದ ಮಳೆನೀರಿನಲ್ಲಿ ಹೊಳೆಗೆ ಸೇರುತ್ತದೆ. ಕೋಹೊಗೆ ಅದು ಕೆಲವೇ ಗಂಟೆಗಳಲ್ಲಿ ಸಾವು. ರಸ್ತೆಯ ನೀರನ್ನು ಮಣ್ಣಿನ ಮೂಲಕ ಸೋಸಿ ಬಿಟ್ಟರೆ ಮೀನು ಉಳಿಯುತ್ತದೆ ಎಂದೂ ತೋರಿಸಿದ್ದಾರೆ.

ಹ್ಯಾಚರಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ನಿಂತರೆ ಈ ಹೊಳೆಯ ಚಿನೂಕ್ ಬಹುಪಾಲು ನಿಂತುಹೋಗುತ್ತದೆ. ಮೂಲ ನಿವಾಸಿ ಬುಡಕಟ್ಟುಗಳಿಗೆ 1855ರ ಒಪ್ಪಂದದಲ್ಲಿ ಮೀನು ಹಿಡಿಯುವ ಹಕ್ಕಿನ ಮಾತು ಕೊಡಲಾಗಿತ್ತು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಎಂದು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು. ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಅರ್ಧ ಪಾಲಿಗೆ ಏನು ಅರ್ಥ? ಆದರೆ ಹೊಳೆಯನ್ನು ಹಾಗೇ ಬಿಟ್ಟು ಮರಿಯೊಂದನ್ನೇ ಸುರಿಯುತ್ತಾ ಹೋದರೆ ಆಗುವುದಿಲ್ಲ. ನಲವತ್ತು ಸಾವಿರ ಸ್ಪಾನ್ (ಆಗಷ್ಟೇ ಮೊಟ್ಟೆಯೊಡೆದ ಮರಿ) ಕೇಳುವ ರೈತರಿಗೆ ನಾನು ಹೇಳುತ್ತಿದ್ದದ್ದೂ ಇದನ್ನೇ. ಮೊದಲು ಕೆರೆ ತೋರಿಸಿ, ಆಮೇಲೆ ಮರಿ.

ಹೊಸಪೇಟೆಯ ಡ್ಯಾಂ ಹತ್ತಿರವೂ ಮೀನುಮರಿ ಫಾರಂ ಇದೆ. ನಮ್ಮಲ್ಲೂ ಇದನ್ನೆಲ್ಲ ನೋಡಬಹುದಾ?
– ಓದುಗರು, ಹೊಸಪೇಟೆ

ನೋಡಲೇಬೇಕು. ಅಮೆರಿಕಕ್ಕೆ ಹೋಗುವವರಿಗೂ ಇದೇ ನನ್ನ ಸಲಹೆ, ಮೊದಲು ಮನೆ ಹತ್ತಿರದ್ದು ನೋಡಿ. ತುಂಗಭದ್ರಾ, ಭದ್ರಾವತಿ ಪಕ್ಕದ ಬಿ.ಆರ್.ಪಿ. (ಭದ್ರಾ ಅಣೆಕಟ್ಟೆಯ ಊರು), ಕೊಡಗಿನ ಹಾರಂಗಿ, ಎಲ್ಲ ಕಡೆ ಮರಿ ಮಾಡುತ್ತಾರೆ. ಹಾರಂಗಿಯಲ್ಲಿ ಮಹಶೀರ್ ಮರಿಯನ್ನೂ ಬೆಳೆಸಿದ್ದಾರೆ.

ಕಾಟ್ಲಾ, ರೋಹು ಹರಿಯುವ ನದಿಯ ಮೀನು, ಕೆರೆಯ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹಿಂದೆ ನದಿಗಳಿಂದಲೇ ಮರಿ ಬಲೆ ಹಾಕಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಅವರು ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮರಿ ಮಾಡಿಸಿದರು. ನಮ್ಮ ಕೆರೆಗಳಲ್ಲಿ ಇವತ್ತು ಬೆಳೆಯುವ ಮೀನಿನ ಹಿಂದೆ ಆ ಕೆಲಸ ಇದೆ. ಜುಲೈ 10ನ್ನು ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಆ ದಿನವಾದರೂ ಎಲ್ಲ ಫಾರಂಗಳ ಗೇಟು ಶಾಲಾ ಮಕ್ಕಳಿಗೆ ತೆರೆಯಬೇಕು ಎಂಬುದು ನನ್ನ ಆಸೆ. ಒಬ್ಬರು ನಿಂತು ವಿವರಿಸಿದರೆ ಸಾಕು, ಗಾಜಿನ ಕಿಟಕಿ ಬೇಕಿಲ್ಲ. ಇಸ್ಸಾಕ್ವಾದಲ್ಲೂ 1990ರ ದಶಕದಲ್ಲಿ ಹ್ಯಾಚರಿ ಮುಚ್ಚುವ ಮಾತು ಬಂದಾಗ ಅದನ್ನು ಉಳಿಸಿದ್ದು ಊರಿನವರು, ಬಂದು ನೋಡಿ ಗೊತ್ತಿದ್ದವರು.

ನಮ್ಮ ಫಾರಂಗಳು ರೈತರಿಗೆ ಮರಿ ಮಾರುವ ಜಾಗ, ಪ್ರವಾಸಿಗಳಿಗೆ ಕಟ್ಟಿದ್ದಲ್ಲ. ಆದ್ದರಿಂದ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡು ಹೋಗಿ. ಮಳೆ ಹಿಡಿದ ಮೇಲೆ, ಜುಲೈ ಅಥವಾ ಆಗಸ್ಟ್‌ನಲ್ಲಿ. ಇಂಜೆಕ್ಷನ್ ಕೊಡುವುದು ಸಂಜೆ, ಮೊಟ್ಟೆ ಬರುವುದು ರಾತ್ರಿ ಕಳೆಯುವ ಹೊತ್ತಿಗೆ. ಬೆಳಿಗ್ಗೆ ಆರು ಗಂಟೆಗೆ ಅಲ್ಲಿದ್ದರೆ ಹಾಪಾದೊಳಗಿನ ಮೊಟ್ಟೆ ನೋಡಬಹುದು. ಹತ್ತು ಗಂಟೆಗೆ ಹೋದರೆ ಖಾಲಿ ಹಾಪಾ ತೊಳೆಯುವುದನ್ನು ನೋಡಿ ಬರಬೇಕಾಗುತ್ತದೆ.